ಕೊನೆಯ ಹತ್ತು ನಿಮಿಷ

“ಇನ್ನೊಂಚೂರು ಬಲಕ್ಕೆ ತಿರುಗಿಸ್ರಿ... ಹಾಂ, ಹಂಗೇ ಹಿಡ್ಕಳ್ರಿ,” ಎಂದು ಮುದ್ದಪ್ಪ ಕೈ ತೆಗೆದದ್ದೇ ತಡ, ಮುರುಗಪ್ಪನ ತಲೆ ಮತ್ತೆ ಎಡಕ್ಕೇ ವಾಲಿತು.

ಇದು ಮೂರನೇ ಸಲ. ಮೈ ತೊಳೆದು, ವಿಭೂತಿ ಹಚ್ಚಿ, ಮಗಳ ಮದುವೆಯಲ್ಲಿ ಹೊದ್ದಿದ್ದ ಜರಿ ಶಾಲನ್ನೇ ಹೊದಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಚಕ್ಕಂಬಕ್ಕಳ ಹಾಕಿ ಕೂರಿಸಿದ್ದರು. ಬೀಳದಿರಲೆಂದು ಎದೆಗೊಂದು ಪಂಚೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಅವರ ಕುಲದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಕೂತೇ ಮನೆ ಬಿಡಬೇಕು, ಕೂತೇ ಮಣ್ಣು ಸೇರಬೇಕು. ಮುರುಗಪ್ಪನ ಮೈಯೆಲ್ಲ ಹೇಳಿದ ಮಾತು ಕೇಳಿತ್ತು, ಕುತ್ತಿಗೆಯೊಂದು ಮಾತ್ರ ಕೇಳುತ್ತಿರಲಿಲ್ಲ.

“ಅದು ಹೆಂಗೆ ನೆಟ್ಟಗೆ ನಿಂತೀತು? ಮೂವತ್ತು ವರ್ಷ ಟಾಕೀಸಿನ ಎಡಗಡೆ ಬಾಗಿಲ ಮೇಲೆ ಒಂದು ಕಣ್ಣಿಟ್ಕಂಡೇ ಪಿಕ್ಚರ್ ನೋಡ್ದೋನು. ಬಿಡ್ರಿ, ಅವನು ಹಂಗೇ ಇರ್ಲಿ,” ಎಂದು ಮುದ್ದಪ್ಪ ಸೋತು ಕೂತ.

ಯಾರೋ ಕಿಸಕ್ಕೆಂದರು. ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು ತಾವೇ ಬಾಯಿಗೆ ಟವೆಲ್ ಒತ್ತಿಕೊಂಡರು. ಆದರೆ ಗಂಡನ ಪಕ್ಕ ಕೂತಿದ್ದ ಕೊಟ್ರಮ್ಮನಿಗೇ ನಗು ಬಂದುಬಿಟ್ಟಿತ್ತು. ಅಳುತ್ತಲೇ ನಕ್ಕಳು. ಆಮೇಲೆ ಉಳಿದವರೂ ಧೈರ್ಯ ಮಾಡಿ ನಕ್ಕರು.

ಅರವತ್ತೆಂಟು ವರ್ಷದ ಮುರುಗಪ್ಪ ಶನಿವಾರ ಸಂಜೆ ಟೀ ಕುಡಿದು, ಲೋಟ ಕೆಳಗಿಟ್ಟು, “ಸಕ್ಕರೆ ಜಾಸ್ತಿ ಆತು ಕಣೇ” ಎಂದವನು ಹಾಗೇ ಹೋಗಿಬಿಟ್ಟಿದ್ದ. ಸಕ್ಕರೆ ಜಾಸ್ತಿ ಆಗಿರಲೇ ಇಲ್ಲ ಎಂದು ಕೊಟ್ರಮ್ಮ ಬೆಳಗಿನಿಂದ ಬಂದವರಿಗೆಲ್ಲ ಹೇಳುತ್ತಿದ್ದಳು. ಹೊಸದುರ್ಗದ ಟಾಕೀಸಿನಲ್ಲಿ ಸೈಕಲ್ ಸ್ಟ್ಯಾಂಡ್ ನೋಡಿಕೊಂಡಿದ್ದವನು ಮುರುಗಪ್ಪ. ಅದೇ ಟಾಕೀಸಿನ ಆಪರೇಟರು ಮುದ್ದಪ್ಪ. ಟಾಕೀಸು ಕಲ್ಯಾಣಮಂಟಪವಾಗಿ ಹನ್ನೆರಡು ವರ್ಷ ಕಳೆದರೂ ಇಬ್ಬರೂ ದಿನಾ ಫಸ್ಟ್ ಶೋ ಹೊತ್ತಿಗೆ ಸರಿಯಾಗಿ ಇದೇ ಪಡಸಾಲೆಯಲ್ಲಿ ಸೇರುತ್ತಿದ್ದರು.

ಅಂಗಳದಲ್ಲಿ ಭಜನೆಯವರು ಹಾರ್ಮೋನಿಯಂ ಸರಿಮಾಡಿಕೊಳ್ಳುತ್ತಿದ್ದರು. ಮತ್ತೋಡಿನಿಂದ ಟೆಂಪೋ ಮಾಡಿಕೊಂಡು ಬಂದ ನೆಂಟರಿಗೆ ಜಾಗವಾಗಲೆಂದು ಟಿವಿಯನ್ನು ಅಡುಗೆಮನೆಗೂ, ಒಳಕೋಣೆಯ ಹಳೇ ಸೈಕಲ್ಲನ್ನು ಅಂಗಳಕ್ಕೂ ಸಾಗಿಸಿದ್ದರು. ಮೂರು ಗಂಟೆಗೆ ಎತ್ತುವುದು ಎಂದು ಮುರುಗಪ್ಪನ ತಮ್ಮ ಮಲ್ಲೇಶಪ್ಪ ಎಲ್ಲರಿಗೂ ಎರಡೆರಡು ಸಲ ಹೇಳಿಯಾಗಿತ್ತು.

ಕೊಟ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಮಗಳನ್ನು ಕರೆದಳು.

“ಸಹನಾ, ಟಿವಿ ತಂದು ನಿಮ್ಮಪ್ಪನ ಎದುರಿಗಿಡು. ಆ ರೋಬೋಟ್ ಪಿಕ್ಚರ್ ಹಾಕು.”

“ಅವ್ವಾ, ಏನ್ ಮಾತಾಡ್ತಿದೀಯ?”

“ಪೂರ್ತಿ ಬ್ಯಾಡ. ಕೊನೇ ಹತ್ತು ನಿಮಿಷ ಸಾಕು. ಇವತ್ತು ಭಾನುವಾರ ಅಲ್ವೇನೇ? ಭಾನುವಾರ ಕೊನೇತನಕ ನನ್ನ ಪಕ್ಕ ಕುಂತು ನೋಡ್ತೀನಿ ಅಂದಿದ್ರು. ಮೂರು ಗಂಟೆಗೆ ಎತ್ಕಂಡು ಹೋದ್ರೆ ಆಮೇಲೆ ನಾನು ಯಾರನ್ನ ಪಕ್ಕ ಕೂರಿಸ್ಕಳ್ಳಿ?”

*

ಸೈಕಲ್ ಸ್ಟ್ಯಾಂಡಿನವನ ಕಷ್ಟ ಸೈಕಲ್ ಸ್ಟ್ಯಾಂಡಿನವನಿಗೇ ಗೊತ್ತು. ಬರುವಾಗ ಜನ ಒಬ್ಬೊಬ್ಬರಾಗಿ ಬಂದು, ತಗಡಿನ ಟೋಕನ್ ಇಸಿದುಕೊಂಡು, ತಣ್ಣಗೆ ಒಳಗೆ ಹೋಗುತ್ತಾರೆ. ಹೋಗುವಾಗ ಮುನ್ನೂರು ಜನ ಒಟ್ಟಿಗೇ ನುಗ್ಗುತ್ತಾರೆ. ಪಿಕ್ಚರ್ ಬಿಡುವ ಹತ್ತು ನಿಮಿಷ ಮುಂಚೆ ಗೇಟು ತೆಗೆದು, ಸರಪಳಿ ಬಿಚ್ಚಿ, ಸಾಲು ಸಡಿಲ ಮಾಡಿಕೊಂಡು ನಿಂತಿದ್ದರೆ ಸರಿ. ಇಲ್ಲವೋ, ಹ್ಯಾಂಡಲ್ಲಿಗೆ ಹ್ಯಾಂಡಲ್ ಸಿಕ್ಕಿಕೊಂಡು, ಪರದೆಯ ಮೇಲೆ ನಡೆದದ್ದಕ್ಕಿಂತ ಜೋರಾದ ಫೈಟಿಂಗು ಸ್ಟ್ಯಾಂಡಿನಲ್ಲಿ ನಡೆಯುತ್ತಿತ್ತು. ಹಾಗಾಗಿ ಮುರುಗಪ್ಪ ಎಡಗಡೆ ಬಾಗಿಲ ಪಕ್ಕ ಕೂತು ಪಿಕ್ಚರ್ ನೋಡುತ್ತಿದ್ದ. ಕೊನೆಗೆ ಹತ್ತು ನಿಮಿಷ ಇರುವಾಗ ಎದ್ದು ಹೋಗುತ್ತಿದ್ದ.

ಅವನು ಎದ್ದದ್ದು ಕಂಡರೆ, ತಮ್ಮ ಸೈಕಲ್ ಮೊದಲು ತೆಗೆಯಬೇಕು ಎನ್ನುವವರೂ ಏಳುತ್ತಿದ್ದರು. ಅವರು ಎದ್ದರೆ ಹಿಂದಿನವರಿಗೆ ಪರದೆ ಕಾಣುತ್ತಿರಲಿಲ್ಲ; ಅವರೂ ಬೈದುಕೊಂಡು ಏಳುತ್ತಿದ್ದರು. ಊರಿಗೆ ಊರೇ ಇದಕ್ಕೆ ಒಗ್ಗಿಹೋಯಿತು. ಹೊಸದುರ್ಗದಲ್ಲಿ ಎಷ್ಟೋ ಪಿಕ್ಚರುಗಳ ಕೊನೆ ಪರದೆಯೊಂದಕ್ಕೇ ಗೊತ್ತು. ಆಪರೇಟರನಿಗಾದರೂ ಗೊತ್ತಿರಬೇಕಲ್ಲ ಎಂದರೆ, ಮುದ್ದಪ್ಪ ಕೊನೇ ರೀಲು ಹಾಕಿ ಹಿಂದಿನ ರೀಲು ಸುತ್ತಲು ಕೂತುಬಿಡುತ್ತಿದ್ದ.

ಮದುವೆಯಾದ ವಾರದಲ್ಲೇ ಮುರುಗಪ್ಪ ಹೆಂಡತಿಯನ್ನು ಪಿಕ್ಚರಿಗೆ ಕರೆತಂದ. ಯಲ್ಲದಕೆರೆಯ ಹುಡುಗಿ, ಅಷ್ಟು ದೊಡ್ಡ ಪರದೆ ಕಂಡದ್ದು ಅದೇ ಮೊದಲು. ಮ್ಯಾನೇಜರು ಹೊಸ ಜೋಡಿಯೆಂದು ಎರಡು ಕುರ್ಚಿ ಹಾಕಿಸಿದ್ದರು. ನಾಯಕಿಯನ್ನು ಕಳ್ಳರು ಗುಡ್ಡದ ತುದಿಗೆ ಎಳೆದೊಯ್ದ ಹೊತ್ತಿಗೆ ಪಕ್ಕದ ಕುರ್ಚಿ ಖಾಲಿಯಾಯಿತು. ಕೊಟ್ರಮ್ಮ ಹೆದರಿ, ನಾಯಕಿಯನ್ನು ಗುಡ್ಡದ ಮೇಲೇ ಬಿಟ್ಟು ಹೊರಗೆ ಓಡಿ ಬಂದಳು. ಗಂಡ ಸೈಕಲ್ಲುಗಳ ನಡುವೆ ನಿಂತು ನಂಬರು ಕೂಗುತ್ತಿದ್ದ.

“ನನ್ನೊಬ್ಳನ್ನೇ ಕೂರಿಸಿ ಬಂದ್ರಲ್ರೀ!”

“ಅಳ್ಬ್ಯಾಡ ಕಣೇ. ಒಂದಲ್ಲ ಒಂದು ದಿನ ನಿನ್ನ ಪಕ್ಕ ಕುಂತು ಒಂದು ಪಿಕ್ಚರ್ ಪೂರ್ತಿ ನೋಡ್ತೀನಿ. ನಿನ್ನಾಣೆ.”

ನಲವತ್ತು ವರ್ಷ ಅದು ಆಗಲಿಲ್ಲ. ಟಾಕೀಸು ಮುಚ್ಚಿದ ಮೇಲಾದರೂ ಆದೀತು ಅಂದುಕೊಂಡರೆ ಮನೆಯ ಟಿವಿ ಮುಂದೆಯೂ ಅದೇ ಕಥೆ. ಇನ್ನೇನು ಮುಗಿಯಬೇಕು ಅನ್ನುವಾಗ ಎದ್ದು, ಅಂಗಳದ ಗೇಟಿನ ಅಗುಳಿ ತೆಗೆದು ನಿಂತುಬಿಡುತ್ತಿದ್ದ. “ನಾನೇನ್ ಮಾಡ್ಲೇ, ಕಾಲು ಕೇಳಲ್ಲ,” ಅನ್ನುತ್ತಿದ್ದ. ಕೊಟ್ರಮ್ಮನೂ ಹಟದ ಹೆಂಗಸು. ಅವನಿಲ್ಲದೆ ಯಾವ ಪಿಕ್ಚರಿನ ಕೊನೆಯನ್ನೂ ಅವಳು ನೋಡಲಿಲ್ಲ. ಟಿವಿ ಆರಿಸಿ ಟೀ ಇಡಲು ಹೋಗುತ್ತಿದ್ದಳು.

*

“ಅತ್ಗೆಮ್ಮ, ಜನ ಏನಂದಾರು?” ಮಲ್ಲೇಶಪ್ಪ ದನಿ ತಗ್ಗಿಸಿ ಕೇಳಿದ. ತಗ್ಗಿಸಿದರೂ ಅದು ಬೀದಿಗೆ ಕೇಳುವಂಥ ದನಿ. “ಅಣ್ಣನ ಕೂರಿಸ್ಕಂಡು ಪಿಕ್ಚರ್ ನೋಡಿದ್ರು ಅಂತ ಮತ್ತೋಡಿಗೆಲ್ಲ ಸುದ್ದಿ ಆಗುತ್ತೆ.”

“ಆಗ್ಲಿ ಬಿಡಪ್ಪ.”

“ಅದೂ ಎಂಥ ಪಿಕ್ಚರ್? ಲೋಕ ಹಾಳಾಗಿ ಎಲ್ರೂ ಸತ್ತಿರ್ತಾರಂತೆ. ಸಾವಿನ ಮನೇಲಿ ಅದನ್ನ ಯಾರಾದ್ರೂ ಹಾಕ್ತಾರಾ? ದೇವ್ರ ಪಿಕ್ಚರ್ ಆದ್ರೂ ಆಗಿದ್ರೆ ಒಂದು ಮಾತು.”

“ಎಲ್ರೂ ಎಲ್ಲಿ ಸತ್ತಿರ್ತಾರೆ, ಒಬ್ಳು ಮುದುಕಿ ಉಳ್ಕಂಡಿರ್ತಾಳೆ,” ಎಂದು ಪಕ್ಕದ ಮನೆಯ ರೇಣುಕಮ್ಮ ತಿದ್ದಿದಳು. “ಆ ಮುದುಕಿ, ಆ ರೋಬೋಟು, ಇಬ್ರೇ. ಎಂಥ ಒಳ್ಳೇದು ಅಂತೀರಿ ಅದು! ಕಂಬಳಿ ಮಡಚುತ್ತೆ, ಮುದುಕಿ ಕಾಲು ಒತ್ತುತ್ತೆ. ನಮ್ಮನೇಲೂ ಒಂದು ಐತೆ, ಉಂಡ ತಟ್ಟೆ ಎತ್ತಲ್ಲ.”

ಕಂಬಕ್ಕೆ ಒರಗಿ ಕೂತಿದ್ದ ಅವಳ ಗಂಡ ತಲೆ ತಗ್ಗಿಸಿದ.

“ಎಲ್ಲ ಸುಳ್ಳು ಕಣಮ್ಮ,” ಎಂದ ಮುದ್ದಪ್ಪ. “ಮನುಷ್ಯರೇ ಇಲ್ಲ ಅಂದ್ಮೇಲೆ ಅದಕ್ಕೆ ಚಾರ್ಜ್ ಎಲ್ಲಿಂದ ಬರುತ್ತೆ? ಇಲ್ಲಿ ಇಷ್ಟು ಜನ ಇದೀವಿ, ನಮಗೇ ಕರೆಂಟ್ ಸರಿಯಾಗಿ ಬರಲ್ಲ. ಬರೀ ಅಳ್ಸಾಕೆ ಅಂತ್ಲೇ ಮಾಡಿರೋ ಪಿಕ್ಚರ್ ಅದು.”

“ಅಂತೀರಲ್ಲ ಮುದ್ದಣ್ಣ, ನೀವು ಅತ್ತಿದ್ದು ನಾನು ನೋಡಿಲ್ವಾ?”

“ಬೀಡಿ ಹೊಗೆ ಹೋಗಿತ್ತು ಕಣ್ಣಿಗೆ.”

“ಮುದುಕಿ ತನ್ನ ಕೋಟು ಬಿಚ್ಚಿ ಮಳೇಲಿ ಅದಕ್ಕೆ ಹೊದ್ದಿಸ್ತಾಳಲ್ಲ, ಆಗ್ಲೇ ಸರಿಯಾಗಿ ಹೋತಾ ಹೊಗೆ?”

“ಆತು ಬಿಡು, ನಿಂದೇ ಸರಿ. ಕೊನೇಗೆ ಹೆಂಗೂ ಮುದುಕಿ ಸಾಯ್ತಾಳೆ, ರೋಬೋಟು ಮಣ್ಣು ಮಾಡುತ್ತೆ. ಇದನ್ನ ನೋಡಾಕೆ ಎರಡೂವರೆ ತಾಸು ಬೇಕಾ?”

“ಯಾಕೆ ಸಾಯ್ತಾಳೆ? ಸಮುದ್ರದ ದಂಡೇಲಿ ಒಂದು ಊರು ಸಿಗುತ್ತೆ. ಜನ ಇರ್ತಾರೆ, ಮಕ್ಕಳು ಮರಿ ಎಲ್ಲ ಇರ್ತಾವೆ. ರೋಬೋಟಿಗೆ ಹಾರ ಹಾಕಿ ಕರ್ಕಂಡು ಹೋಗ್ತಾರೆ.”

“ಹಾರ ಯಾರ್ ಹಾಕ್ತಾರೆ, ಅದೇನು ಎಮ್ಮೆಲ್ಲೆನಾ?”

ನೆಂಟರು ಇಬ್ಬರ ಕಡೆಗೂ ಹಂಚಿಹೋದರು. ಪಿಕ್ಚರ್ ನೋಡದವರೂ ಹಾರ ಹಾಕಬಹುದು, ಹಾಕಬಾರದು ಎಂದು ಹೇಳತೊಡಗಿದರು. ಸಹನಾ ಇಬ್ಬರನ್ನೂ ನೋಡಿ ಕೇಳಿದಳು.

“ಅದು ಸರಿ, ಕೊನೇದು ನೋಡಿರೋರು ನಿಮ್ಮಲ್ಲಿ ಯಾರು?”

ಮುದ್ದಪ್ಪ ಜೇಬಿನಲ್ಲಿ ಏನೋ ಹುಡುಕಿದ. ರೇಣುಕಮ್ಮ ಸೆರಗು ಸರಿಮಾಡಿಕೊಂಡಳು.

“ನಿಮ್ಮಪ್ಪ ಎದ್ನಲ್ಲ, ನಾನೂ ಹಂಗೇ ಒಂದು ಬೀಡಿ ಸೇದಾಣ ಅಂತ...”

“ನನಗೂ ನಲ್ಲೀಲಿ ನೀರು ಬಂದಿತ್ತು.”

“ಐದು ಸಲಾನೂ ನೀರು ಬಂದಿತ್ತಾ? ಮತ್ತೆ ಮೂರು ವಾರದಿಂದ ಈ ಪರಿ ಜಗಳ ಆಡಿದ್ರಲ್ಲ!”

“ಅಭಿಪ್ರಾಯ ಹೇಳಾಕೆ ಪೂರ್ತಿ ನೋಡಿರ್ಬೇಕು ಅಂತ ಏನೈತೆ?” ಎಂದ ಮುದ್ದಪ್ಪ. ಪಡಸಾಲೆ ಗೊಳ್ಳೆಂದಿತು. ಮುರುಗಪ್ಪ ಎಡಕ್ಕೆ ವಾಲಿಕೊಂಡು ಎಲ್ಲವನ್ನೂ ಕೇಳುತ್ತಿರುವವನಂತೆಯೇ ಕೂತಿದ್ದ.

*

ಪಿಕ್ಚರನ್ನು ಪೆನ್‌ಡ್ರೈವಿನಲ್ಲಿ ಹಾಕಿ ತಂದವಳು ಸಹನಾಳೇ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಟೀಚರು. ಶನಿವಾರ ಬಂದರೆ ಅಪ್ಪನಿಗೆ ಏನಾದರೊಂದು ತರುತ್ತಿದ್ದಳು. ಯಾವುದೋ ದೇಶದ ಪಿಕ್ಚರು, ಕನ್ನಡಕ್ಕೆ ಡಬ್ ಆಗಿತ್ತು. ಮುದುಕಿ ಥೇಟ್ ನಮ್ಮ ಕಡೆಯವಳಂತೆ ಬೈಯುತ್ತಿದ್ದಳು.

ಮುರುಗಪ್ಪ ಮೊದಲು ಅಷ್ಟೇನೂ ಗಮನ ಕೊಡಲಿಲ್ಲ. ಆ ರೋಬೋಟಿನ ಕೆಲಸ ಏನು ಎಂದು ಗೊತ್ತಾದದ್ದೇ ನೆಟ್ಟಗೆ ಕೂತ. ದೊಡ್ಡ ಅಂಗಡಿಯೊಂದರ ಕೆಳಗೆ ಗಾಡಿ ನಿಲ್ಲಿಸುವ ಜಾಗ. ಅಲ್ಲಿ ಕಾವಲಿಗಿದ್ದ ರೋಬೋಟು ಅದು. ಲೋಕವೇ ಹಾಳಾಗಿದೆ, ಗಾಡಿ ಬಿಟ್ಟವರು ಒಬ್ಬರೂ ವಾಪಸು ಬರುವವರಲ್ಲ. ಆದರೂ ಅದು ದಿನಾ ಒಂದೊಂದೇ ಗಾಡಿಯ ಧೂಳು ಒರೆಸುತ್ತದೆ. ಮಳೆಗೆಂದು ಒಳಗೆ ಬಂದ ಮುದುಕಿಯನ್ನು, “ನಿಮ್ಮ ಗಾಡಿ ಯಾವುದು ತಾಯಿ?” ಎಂದು ಕೇಳುತ್ತದೆ.

“ಲೇ ಕೊಟ್ರೀ, ಬಾರೇ ಇಲ್ಲಿ!” ಎಂದು ಮುರುಗಪ್ಪ ಕೂಗಿದ್ದ. “ಇದೂ ಸ್ಟ್ಯಾಂಡಿನೋನೇ ಕಣೇ!”

ಕೊಟ್ರಮ್ಮನಿಗೆ ಯಾಕೆ ಎಂದು ಕೇಳಬೇಕಿರಲಿಲ್ಲ. ಒಳಕೋಣೆಯಲ್ಲಿ ಅಂಥದೊಂದು ಸೈಕಲ್ ಇತ್ತು. ಮೂವತ್ತೈದು ವರ್ಷದ ಹಿಂದೆ ಮ್ಯಾಟ್ನಿಗೆ ಬಂದ ಯಾರೋ ಸ್ಟ್ಯಾಂಡಿನಲ್ಲೇ ಬಿಟ್ಟು ಹೋದದ್ದು. ಹ್ಯಾಂಡಲ್ಲಿನಲ್ಲಿ ನಲವತ್ತೇಳನೇ ನಂಬರಿನ ತಗಡು. ಟಾಕೀಸು ಮುಚ್ಚಿದಾಗ ಮುರುಗಪ್ಪ ಅದನ್ನು ತಳ್ಳಿಕೊಂಡು ಮನೆಗೆ ತಂದಿದ್ದ. ಪ್ರತಿ ಸೋಮವಾರ ಚೈನಿಗೆ ಎಣ್ಣೆ ಬಿಡುತ್ತಿದ್ದ. ಸ್ಟ್ಯಾಂಡಿನಲ್ಲಿ ಅದು ಸುಮ್ಮನೆ ನಿಂತಿದ್ದ ಕಾಲದಲ್ಲಿ ಹೈಸ್ಕೂಲಿಗೆ ಹೋಗಿಬರಲು ಸಹನಾ ಅದನ್ನೊಮ್ಮೆ ಕೇಳಿದ್ದಳು. “ಬೇರೇರ ಗಾಡಿ ಮಗಾ, ಅವರು ಬಂದು ಕೇಳಿದ್ರೆ?” ಎಂದಿದ್ದ. ಸಹನಾ ಮೂರು ವರ್ಷ ನಡೆದೇ ಹೋದಳು.

ಆ ಪಿಕ್ಚರನ್ನು ಮುರುಗಪ್ಪ ಐದು ಸಲ ಹಾಕಿಸಿದ. ಮುದುಕಿಗೆ ಸಮುದ್ರ ನೋಡುವ ಆಸೆ, ರೋಬೋಟು ಅವಳ ಜತೆ ಹೊರಡುತ್ತದೆ, ದಾರಿಯಲ್ಲಿ ಅದರ ಚಾರ್ಜು ಕಡಿಮೆಯಾಗುತ್ತಾ ಬರುತ್ತದೆ. ಒಡೆದ ಸೇತುವೆಯ ಹತ್ತಿರ ಮುದುಕಿ, “ಇನ್ನೆಷ್ಟು ದೂರ?” ಎಂದು ಕೇಳುತ್ತಾಳೆ. ಐದು ಸಲವೂ ಅಲ್ಲಿಗೇ ಸರಿಯಾಗಿ ಮುರುಗಪ್ಪ ಎದ್ದ. ಮುದ್ದಪ್ಪ ಎದ್ದ. ರೇಣುಕಮ್ಮ ಎದ್ದಳು. ಕೊಟ್ರಮ್ಮ ಟಿವಿ ಆರಿಸಿದಳು.

ಐದನೇ ಸಲ ಗೇಟಿನಿಂದ ವಾಪಸು ಬಂದವನು ಆರಿದ ಟಿವಿಯ ಎದುರೇ ಮತ್ತೆ ಕೂತ. ಆಮೇಲೆ ಹೇಳಿದ: “ಈ ಪಿಕ್ಚರ್ ಮಾತ್ರ ಪೂರ್ತಿ ನೋಡ್ಬೇಕು ಕಣೇ. ನಿನ್ನ ಪಕ್ಕದಲ್ಲೇ. ಭಾನುವಾರ ಒಂದು ಕೆಲ್ಸ ಮಾಡು, ನನ್ನ ಕಾಲನ್ನ ಟವೆಲ್‌ನಾಗೆ ಮಂಚಕ್ಕೆ ಕಟ್ಟಾಕು.”

*

ಎರಡು ಗಂಟೆಗೆ ಅಯ್ಯನವರು ಬಂದರು. ಹೊಸದುರ್ಗದಲ್ಲಿ ನೆಲೆಸಿ ಆರು ವರ್ಷವಾಗಿತ್ತು, ಮತ್ತೋಡಿನ ಕಡೆಯವರು. ಕ್ರಿಯೆ ಮಾಡಿಸುವುದರಲ್ಲಿ ಬಲು ಕಟ್ಟುನಿಟ್ಟು ಎಂದು ಹೆಸರಾಗಿದ್ದವರು. ಮಲ್ಲೇಶಪ್ಪ ಗೇಟಿಗೇ ಓಡಿದ.

“ನೀವಾದ್ರೂ ಬುದ್ಧಿ ಹೇಳ್ರಿ ಅಯ್ನೋರೇ. ಪಕ್ಕ ಕುಂತು ಪಿಕ್ಚರ್ ಪೂರ್ತಿ ನೋಡ್ತೀನಿ ಅಂತ ಅಣ್ಣ ಆಣೆ ಮಾಡಿದ್ನಂತೆ, ಈಗ ಕೊನೇ ಹತ್ತು ನಿಮಿಷ ತೋರಿಸ್ಬೇಕಂತೆ ನಮ್ಮ ಅತ್ಗೆಮ್ಮಂಗೆ. ನಾನು ಹೇಳಿ ಹೇಳಿ ಸಾಕಾತು.”

ಅಯ್ಯನವರು ಕೇಳಿಸಿಕೊಂಡರೋ ಇಲ್ಲವೋ. ಅಂಗಳದ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನೇ ನೋಡುತ್ತಾ ನಿಂತುಬಿಟ್ಟಿದ್ದರು.

“ಇದು ಯಾರ್ದಮ್ಮ?”

“ಗೊತ್ತಿಲ್ರಿ,” ಎಂದಳು ಸಹನಾ. “ಅಪ್ಪನ ಸ್ಟ್ಯಾಂಡಲ್ಲಿ ಯಾರೋ ಬಿಟ್ಟು ಹೋಗಿದ್ರು. ಯಾವತ್ತಾದ್ರೂ ಬಂದೇ ಬರ್ತಾರೆ ಅಂತ ಎಣ್ಣೆ ಬಿಟ್ಟು ಇಟ್ಟಿದ್ರು.”

ಅಯ್ಯನವರು ಬಗ್ಗಿ ಬೆಲ್ಲಿನ ಮೇಲೆ ಬೆರಳಿಟ್ಟರು. ಬೆಲ್ಲಿಗೆ ಕೆಂಪು ಬಣ್ಣ ಬಳಿದಿತ್ತು, ಅರ್ಧ ಉದುರಿತ್ತು. ಒತ್ತಿದರು. ಟ್ರಿಣ್ ಎಂದಿತು. ಭಜನೆಯವರೂ ತಿರುಗಿ ನೋಡಿದರು.

“ಈ ಬಣ್ಣ ಬಳಿದೋನು ನಾನೇ,” ಎಂದರು ಅಯ್ಯನವರು. ಅವರ ಮುಖ ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನದಾಗಿತ್ತು. “ಕಾಲೇಜು ತಪ್ಪಿಸಿ ಮ್ಯಾಟ್ನಿಗೆ ಬಂದಿದ್ದೆ. ಹೊರಗೆ ಬಂದ್ರೆ ಸ್ಟ್ಯಾಂಡಿನ ಎದುರಿಗೇ ನಮ್ಮ ತಂದೆ, ಭಕ್ತರ ಜತೆ ಮಾತಾಡ್ಕಂಡು ನಿಂತಿದಾರೆ! ಹಿಂದಿನ ಕಾಂಪೌಂಡ್ ಹಾರಿ ಓಡಿದೆ. ಮನೇಲಿ ಸಂತೆಯಾಗೆ ಸೈಕಲ್ ಕಳುವಾತು ಅಂದೆ. ಸಿಕ್ಕಿ ಬೀಳ್ತೀನಿ ಅಂತ ಟೋಕನ್ ಕೆರೆಗೆ ಎಸೆದುಬಿಟ್ಟೆ. ಟೋಕನ್ ಇಲ್ದೆ ಹೆಂಗೆ ಬಂದು ಕೇಳ್ಲಿ?”

“ಟೋಕನ್ ಇಲ್ದಿದ್ರೆ ಅವನು ಕೊಡ್ತಾನೂ ಇರ್ಲಿಲ್ಲ ಬಿಡ್ರಿ,” ಎಂದ ಮುದ್ದಪ್ಪ.

ಅಯ್ಯನವರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಒಳಗೆ ಬಂದು ಮುರುಗಪ್ಪನ ಎದುರು ಕೈಮುಗಿದು ನಿಂತರು. ಆಮೇಲೆ ಮಲ್ಲೇಶಪ್ಪನ ಕಡೆ ತಿರುಗಿದರು.

“ಏನಪ್ಪ, ನನ್ನ ಗಾಡಿನ ಮೂವತ್ತೈದು ವರ್ಷ ಕಾದಿರೋ ಮನುಷ್ಯನಿಗೆ ನಾವು ಹತ್ತು ನಿಮಿಷ ಕಾಯಕ್ಕಾಗಲ್ವಾ? ಹಾಕಮ್ಮ ಪಿಕ್ಚರು. ಹೆಂಡ್ತಿಗೆ ಆಣೆ ಮಾಡಿದ ಮಾತು ಹಂಗೇ ಬಿಟ್ಟು ಯಾಕೆ ಹೋಗ್ಬೇಕು ಅವರು?”

ಟಿವಿ ಬಂತು. ಮಲ್ಲೇಶಪ್ಪನೇ ಒಂದು ಕಡೆ ಹಿಡಿದುಕೊಂಡು ತಂದ. ಕರೆಂಟೂ ಯಾವ ಪುಣ್ಯಕ್ಕೋ ಇತ್ತು. ಪಡಸಾಲೆಯಲ್ಲಿ ಜಾಗ ಸಾಲದೆ ಮತ್ತೋಡಿನವರು ಕಿಟಕಿಯಲ್ಲಿ ಇಣುಕಿದರು, ಭಜನೆಯವರು ತಾಳ ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತರು. ಕೊಟ್ರಮ್ಮ ಗಂಡನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು.

ಮುದುಕಿ ಮತ್ತು ರೋಬೋಟು ಸೇತುವೆಯ ಕಡೆ ನಡೆಯುತ್ತಿದ್ದರು.

“ಆ ತಗಡಿನೋನು ಯಾಕೆ ಕುಂಟ್ತಾನೆ?” ಎಂದು ಅಯ್ಯನವರು ಕೇಳಿದರು.

“ಚಾರ್ಜ್ ಮುಗೀತಾ ಬಂದೈತ್ರಿ. ಮಾತಾಡ್ಬ್ಯಾಡ್ರಿ,” ಎಂದಳು ರೇಣುಕಮ್ಮ.

ಒಡೆದ ಸೇತುವೆ ಬಂತು. ಮುದುಕಿ ಕೇಳಿದಳು: “ಇನ್ನೆಷ್ಟು ದೂರ?”

ಮುದ್ದಪ್ಪ ಎದ್ದ. ಅವನಿಗೇ ಗೊತ್ತಿಲ್ಲದೆ ಎದ್ದ. ರೇಣುಕಮ್ಮ ಎದ್ದಳು. ಇವರಿಬ್ಬರು ಎದ್ದದ್ದು ಕಂಡು, ಮುಗಿಯುತ್ತಾ ಬಂತು ಎಂದು ಊರವರು ಒಬ್ಬೊಬ್ಬರಾಗಿ ಎದ್ದರು. ಮೂವತ್ತು ವರ್ಷದ ಅಭ್ಯಾಸ. ಎದ್ದವರೆಲ್ಲ ಯಾವಾಗಿನಂತೆ ಮುರುಗಪ್ಪ ಎಲ್ಲಿದ್ದಾನೆ ಎಂದು ಅವನ ಕಡೆ ನೋಡಿದರು.

ಮುರುಗಪ್ಪ ಎದ್ದಿರಲಿಲ್ಲ. ಹೆಂಡತಿಯ ಪಕ್ಕದಲ್ಲಿ ಗಟ್ಟಿಯಾಗಿ ಕೂತಿದ್ದ.

“ಕುಂತ್ಕಳ್ರಿ,” ಎಂದಳು ಕೊಟ್ರಮ್ಮ, ಟಿವಿಯಿಂದ ಕಣ್ಣು ತೆಗೆಯದೆ. “ಅವರೇ ಕುಂತಿದಾರೆ, ನಿಮ್ಮದೇನ್ ಅವಸರ?”

ಎಲ್ಲರೂ ಕೂತರು.

ಮುದುಕಿ ಸಾಯಲಿಲ್ಲ. ಊರೂ ಸಿಗಲಿಲ್ಲ. ದಿಬ್ಬ ಹತ್ತಿದರೆ ಸಮುದ್ರ ಕಂಡಿತು, ಅಷ್ಟೇ. ಇಬ್ಬರೂ ಮರಳಿನ ಮೇಲೆ ಕೂತರು. ರೋಬೋಟಿನ ಎದೆಯ ದೀಪ ಸಣ್ಣದಾಗುತ್ತಾ ಹೋಯಿತು. “ತಾಯಿ, ನಿಮ್ಮ ಗಾಡಿ ಯಾವುದು ಅಂತ ನೀವು ಹೇಳಲೇ ಇಲ್ಲ,” ಎಂದಿತು ಅದು. “ನೀನೇ ಕಣೋ ನನ್ನ ಗಾಡಿ,” ಎಂದಳು ಮುದುಕಿ. ದೀಪ ಆರಿತು. ಮುದುಕಿ ಅಳುತ್ತಾಳೆ ಎಂದು ಎಲ್ಲರೂ ಸೆರಗು ಟವೆಲು ಸಿದ್ಧ ಮಾಡಿಕೊಂಡರು. ಅವಳು ಅಳಲಿಲ್ಲ. ಕೋಟಿನ ತೋಳಿನಿಂದ ಅದರ ಮುಖದ ಮರಳು ಒರೆಸಿ, ಪಕ್ಕಕ್ಕೆ ಸರಿದು ಕೂತು, ತನ್ನ ಮದುವೆ ದಿನ ಮದುವೆಗಂಡು ಚಪ್ಪಲಿ ಕಳೆದುಕೊಂಡ ಕಥೆ ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಕೂತಲ್ಲೇ ಕೂತ ರೋಬೋಟಿನ ಭುಜಕ್ಕೆ ತಟ್ಟಿ ತಟ್ಟಿ ನಕ್ಕಳು. ಅಲೆಗಳ ಸದ್ದಿನಲ್ಲಿ ಹೆಸರುಗಳು ಮೇಲೇರತೊಡಗಿದವು.

ಪಡಸಾಲೆಯಲ್ಲಿ ಯಾರೂ ಅಲ್ಲಾಡಲಿಲ್ಲ.

“ಥೂ, ಇದೂ ಒಂದು ಕ್ಲೈಮ್ಯಾಕ್ಸಾ!” ಎಂದ ಮುದ್ದಪ್ಪ. ಟವೆಲಿನ ತುದಿ ಕಣ್ಣಿಗೆ ಒತ್ತಿಕೊಂಡ. “ಫೈಟಿಂಗ್ ಇಲ್ಲ, ಏನಿಲ್ಲ.”

“ಇಲ್ಲಿ ಯಾರೂ ಬೀಡಿ ಸೇದಿಲ್ಲ ಮುದ್ದಣ್ಣ,” ಎಂದಳು ರೇಣುಕಮ್ಮ, ತನ್ನ ಕಣ್ಣೊರೆಸಿಕೊಳ್ಳುತ್ತಾ.

“ಚೆನ್ನಾಗೈತೆ,” ಎಂದರು ಅಯ್ಯನವರು. “ಬಲು ಚೆನ್ನಾಗೈತೆ.”

ಮಲ್ಲೇಶಪ್ಪ ಎರಡು ಸಲ ಕೆಮ್ಮಿದ. “ಅತ್ಗೆಮ್ಮ... ಪಿಕ್ಚರ್ ಬಿಡ್ತು,” ಎಂದ.

ಕೊಟ್ರಮ್ಮ ಗಂಡನ ಮೊಣಕಾಲ ಮೇಲೆ ಕೈಯಿಟ್ಟಳು. ಕಾಲು ಮಾತು ಕೇಳಿತ್ತು. ಅವನ ಮುಖ ನೋಡಿ ಬಾಯ್ತುಂಬ ನಕ್ಕು, ನೆಲಕ್ಕೆ ಕೈಯೂರಿ ಎದ್ದಳು.

“ನೀವು ಕುಂತಿರ್ರಿ,” ಎಂದಳು. “ಇವತ್ತು ಗೇಟು ನಾನು ತಗೀತೀನಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ದಾರಿ ಮಾಡಿಕೊಂಡು, ನಲವತ್ತೇಳನೇ ನಂಬರಿನ ಸೈಕಲ್ಲನ್ನು ದಾಟಿ ಅಂಗಳದ ತುದಿಗೆ ಹೋದಳು. ಅಗುಳಿ ಎಳೆದು, ಗೇಟಿನ ಎರಡು ಬಾಗಿಲನ್ನೂ ಗೋಡೆಗೆ ತಾಗುವಷ್ಟು ಅಗಲಕ್ಕೆ ತೆರೆದು, ಒಂದು ಬದಿಗೆ ಸರಿದು ನಿಂತಳು.